ಹನುಮಕ್ಕ ಬಿಟ್ಟ ಚುಕ್ಕಿ

ಬಸವೇಶ್ವರನಗರದ ನಮ್ಮ ಪಾರ್ಕಿಗೆ ಒಂದು ಸಂಘವಿದೆ. ಅದಕ್ಕೆ ನಾನು ಕಾರ್ಯದರ್ಶಿ. ಬೇರೆ ಯಾರೂ ಆ ಕೆಲಸ ಒಪ್ಪಿಕೊಳ್ಳದೇ ಇದ್ದುದರಿಂದ ಅವಿರೋಧವಾಗಿ ಆಯ್ಕೆಯಾದವನು. ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಸಭೆ ಇತ್ತು. ಹಿಂದಿನ ಸಭೆಯ ತೀರ್ಮಾನಗಳನ್ನು ನಾನು ಓದಿ ಹೇಳಬೇಕಿತ್ತು. ಕಲ್ಲುಬೆಂಚಿನ ಪಕ್ಕ ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು, ಚೀಲದಿಂದ ಕಪ್ಪು ರಟ್ಟಿನ ಪುಸ್ತಕವೊಂದನ್ನು ತೆಗೆದೆ.

"ಇದಕ್ಕೆ ಬುಲೆಟ್ ಜರ್ನಲ್ ಅಂತಾರೆ. ನನ್ನ ಇಡೀ ಜೀವನ ಈಗ ಇದರೊಳಗಿದೆ," ಎಂದು ಪೀಠಿಕೆ ಹಾಕಿ ಪುಟ ತೆರೆದೆ.

ಪುಟದ ತುಂಬ ರಂಗೋಲಿ.

ಮುಂದಿನ ಪುಟಕ್ಕೆ ಹೋದೆ. ಅಲ್ಲೂ ಚುಕ್ಕಿ ಸುತ್ತಿಕೊಂಡು ಹೋಗುವ ಎಳೆಗಳು. ಪುಟದ ಅಂಚಿನಲ್ಲಿ ಒಂದು ತೆಂಗಿನಮರ, ಒಂದು ನಾಯಿ, ಅದರ ಕೆಳಗೆ ಕನ್ನಡಕ ಹಾಕಿದ ಒಂದು ಮಡಕೆ. ಪಕ್ಕದಲ್ಲಿ ಕೂತಿದ್ದ ಅಧ್ಯಕ್ಷರು ಕತ್ತು ಚಾಚಿ ನೋಡಿದರು.

"ಸೆಕ್ರೆಟ್ರಿ ಸಾರ್, ಬೋರ್‌ವೆಲ್ ರಿಪೇರಿ ವಿಷಯ ಎಷ್ಟು ಚುಕ್ಕಿದು?" ಎಂದರು. ನಂತರ ಮಡಕೆಯ ಮೇಲೆ ಬೆರಳಿಟ್ಟು, "ಇದು ನೀವೇ ಅಲ್ವಾ?" ಎಂದರು.

ಹದಿನಾಲ್ಕು ಜನ ನಕ್ಕರು. ಸಭೆಗೆ ಬಂದಿದ್ದವರು ಹನ್ನೊಂದೇ ಜನ. ಉಳಿದ ಮೂವರು ಆ ದಾರಿಯಲ್ಲಿ ವಾಕಿಂಗ್ ಹೋಗುತ್ತಿದ್ದವರು.

ಈ ಅವಮಾನದ ಮೂಲ ಜನವರಿಯಲ್ಲಿದೆ. ನಾನು ಮರೆಗುಳಿ. ಕರೆಂಟ್ ಬಿಲ್ಲಿನಿಂದ ಮದುವೆಯ ವಾರ್ಷಿಕೋತ್ಸವದವರೆಗೆ ಮರೆಯುವುದರಲ್ಲಿ ಮಾತ್ರ ಯಾವ ತಾರತಮ್ಯವನ್ನೂ ಮಾಡಿದವನಲ್ಲ. ಅದನ್ನು ನೋಡಲಾರದೆ ಮಗಳು ಗಗನಾ ಹೊಸವರ್ಷಕ್ಕೆಂದು ಎರಡು ಪುಸ್ತಕ ತಂದುಕೊಟ್ಟಳು. ಎರಡೂ ಒಂದೇ ಥರದವು. ಒಳಗೆ ಗೆರೆಯೂ ಇಲ್ಲ, ಚೌಕವೂ ಇಲ್ಲ, ಹಾಳೆಯ ತುಂಬ ಬರೀ ಸಣ್ಣ ಸಣ್ಣ ಚುಕ್ಕಿ.

"ಅಪ್ಪಾ, ತುಂಬ ಸಿಂಪಲ್ಲು. ಮಾಡಬೇಕಾದ ಕೆಲಸದ ಮುಂದೆ ಒಂದು ಚುಕ್ಕಿ ಇಡು. ಮುಗಿದ್ರೆ ಅದರ ಮೇಲೆ ಇಂಟು ಹಾಕು. ಆಗದೇ ಹೋದ್ರೆ ಬಾಣದ ಗುರುತು ಹಾಕಿ ನಾಳೆ ಪುಟಕ್ಕೆ ಸಾಗಿಸು. ಅಷ್ಟೇ."

ಅಷ್ಟೇ ಎಂಬುದು ಅವಳಿಗೆ. ನಾನು ಇಪ್ಪತ್ತೆರಡು ವಿಡಿಯೊ ನೋಡಿದೆ. ಐದು ಬಣ್ಣದ ಪೆನ್ನು ಕೊಂಡೆ. ಪರಿವಿಡಿಗೆ ಒಂದು ಪುಟ, ಗುರುತುಗಳ ಅರ್ಥಕ್ಕೆ ಒಂದು ಪುಟ, ದಿನಕ್ಕೆ ಎಂಟು ಲೋಟ ನೀರು ಕುಡಿದೆನೇ ಇಲ್ಲವೇ ಎಂದು ಬಣ್ಣ ತುಂಬಲು ಒಂದು ಪುಟ. ಇಷ್ಟು ಸಿಂಗಾರಕ್ಕೆ ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಮೊದಲ ಕೆಲಸ ಬರೆದೆ: "ಬಚ್ಚಲಮನೆ ನಲ್ಲಿಗೆ ವಾಷರ್ ಹಾಕಿಸಬೇಕು." ಅದರ ಮುಂದೆ ಚುಕ್ಕಿ ಇಟ್ಟೆ. ಸಂಜೆ ಬಾಣ ಹಾಕಿದೆ. ಮಾರನೆಯ ದಿನವೂ ಬಾಣ. ಹದಿನೆಂಟು ಪುಟ ಆ ನಲ್ಲಿ ತೊಟ್ಟಿಕ್ಕಿಕೊಂಡೇ ಸಾಗಿತು. ಕೊನೆಗೆ ನನ್ನ ಹೆಂಡತಿ ರಾಗಿಣಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ ವಾಷರ್ ತಂದು ತಾನೇ ಹಾಕಿದಳು. ನಾನು ಪುಸ್ತಕದಲ್ಲಿ ಕೆಂಪು ಪೆನ್ನಿನಿಂದ ಇಂಟು ಹಾಕಿದೆ. ಏನೋ ಸಾಧಿಸಿದ ತೃಪ್ತಿ.

ಇನ್ನೊಂದು ಪುಸ್ತಕ ಹನುಮಕ್ಕನ ಕೈಗೆ ಹೋಯಿತು. ಅವರ ವಿಷಯ ಹೇಳಬೇಕೆಂದೇ ಇಷ್ಟೆಲ್ಲ.

ಹನುಮಕ್ಕ ನಮ್ಮ ಬೀದಿಯ ಏಳು ಮನೆಗಳ ಮುಂದೆ ಬೆಳಿಗ್ಗೆ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುವವರು. ವಯಸ್ಸು ಅರವತ್ತರ ಆಸುಪಾಸು. ಊರು ಸುಂಕದಕಟ್ಟೆ. ಬಡತನಕ್ಕೆ ಬರುತ್ತಾರೆ ಅಂದುಕೊಂಡರೆ ತಪ್ಪು. ಅವರ ಮಾವನ ರಾಗಿಹೊಲದ ಮೇಲೆ ಈಗ ಮೂರಂತಸ್ತಿನ ಕಟ್ಟಡವಿದೆ. ಕೆಳಗಡೆ ನಾಲ್ಕು ಅಂಗಡಿ ಬಾಡಿಗೆಗೆ ಕೊಟ್ಟು, ಮಗ ಮಂಜುನಾಥನೇ ಐದನೆಯದರಲ್ಲಿ ಟೈಲ್ಸ್ ವ್ಯಾಪಾರ ಮಾಡುತ್ತಾನೆ. "ಅಮ್ಮ, ಮರ್ಯಾದೆ ಪ್ರಶ್ನೆ, ಬಿಟ್ಬಿಡು," ಎಂದು ಅವನು ಹೇಳುತ್ತಲೇ ಇರುತ್ತಾನೆ. ಇವರು ಐದು ಗಂಟೆಯ ಬಸ್ಸು ಹತ್ತಿ ಮಾಗಡಿ ರಸ್ತೆಯ ಮೇಲೆ ಬರುತ್ತಲೇ ಇರುತ್ತಾರೆ.

ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಮನೆ ಮುಂದೆ ಐದೂ ಶಟ್ರೇ ಸಾರ್. ರಂಗೋಲಿ ಬಿಡಾಕೆ ಜಾಗ ಎಲ್ಲೈತೆ? ಬಿಟ್ರೆ ಟೈಲ್ಸ್ ಲಾರಿ ಬಂದು ಅದ್ರ ಮೇಲೆ ನಿಂತ್ಕತದೆ."

ಏಳು ಮನೆಗಳಲ್ಲಿ ಅವರಿಗೆ ಪ್ರಾಣವೆಂದರೆ ಅನಂತಲಕ್ಷ್ಮಮ್ಮನ ಮನೆ, ನಮ್ಮ ಎದುರುಗಡೆಯದು. ಬೀದಿಯಲ್ಲಿ ಬೇರೆಲ್ಲ ಮನೆಗಳೂ ಕಾರು ನಿಲ್ಲಿಸಲು ಮುಂಭಾಗವನ್ನು ಇಳಿಜಾರು ಮಾಡಿಬಿಟ್ಟಿವೆ. ಅವರ ಗೇಟಿನ ಮುಂದೆ ಮಾತ್ರ ಎಂಟಡಿ ಅಗಲದ ನುಣುಪು ಕಲ್ಲುಹಾಸು ಹಾಗೇ ಉಳಿದಿದೆ. ಇಪ್ಪತ್ತೊಂದು ಚುಕ್ಕಿಯ ರಂಗೋಲಿಗೆ ಜಾಗವಿರುವುದು ಅದೊಂದೇ ಕಡೆ. ನಮ್ಮ ಇಳಿಜಾರಿನಲ್ಲಿ ಐದು ಚುಕ್ಕಿಗೇ ರಂಗೋಲಿ ಮೋರಿಯ ಕಡೆ ಜಾರುತ್ತದೆ. ಇಪ್ಪತ್ತೆರಡು ವರ್ಷ ಆ ಕಲ್ಲು ಹನುಮಕ್ಕನದೇ ಆಗಿತ್ತು.

ಅದು ಕೈಬಿಟ್ಟುಹೋದದ್ದು ಈ ಮಾಘಮಾಸದಲ್ಲಿ. ಶ್ರಾದ್ಧದ ದಿನ ಮನೆಯ ಬಾಗಿಲಿಗೆ ರಂಗೋಲಿ ಹಾಕುವುದಿಲ್ಲ, ಗೊತ್ತಲ್ಲ. ಏಳು ಮನೆಗಳಲ್ಲಿ ತೀರಿಕೊಂಡವರ ತಿಥಿಗಳೆಲ್ಲ ಹನುಮಕ್ಕನ ಬಾಯಲ್ಲಿದ್ದವು. ಹೀಗಿದ್ದೂ ಅನಂತಲಕ್ಷ್ಮಮ್ಮನ ಅತ್ತೆಯ ತಿಥಿಯ ದಿನ ಗೇಟಿನ ಮುಂದೆ ಅಗಲವಾದ ಕಮಲದ ರಂಗೋಲಿ ಬಿಟ್ಟು ಹೋಗಿಬಿಟ್ಟರು. ಪುರೋಹಿತರು ಬಂದವರು ಗೇಟಿನ ಹೊರಗೇ ನಿಂತು, "ತಾಯೀ, ಇವತ್ತೇ ತಾನೆ?" ಎಂದರಂತೆ. ಎಪ್ಪತ್ತು ದಾಟಿದ ಅನಂತಲಕ್ಷ್ಮಮ್ಮ ಮಂಡಿಯೂರಿ ಕೂತು ಒದ್ದೆ ಬಟ್ಟೆಯಲ್ಲಿ ಅಷ್ಟನ್ನೂ ಒರೆಸಿದರು. ಮಾರನೆಯ ಬೆಳಿಗ್ಗೆ ಅವರು ಬಯ್ಯಲಿಲ್ಲ. ಬೈದಿದ್ದರೆ ಹನುಮಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನಿನಗೂ ವಯಸ್ಸಾಯ್ತು ಹನುಮಕ್ಕ. ನಾಳೆಯಿಂದ ಬರಬೇಡ," ಎಂದರು, ಅಷ್ಟೇ.

ವಾರದೊಳಗೆ ಆ ಕಲ್ಲಿನ ಮೇಲೆ ಒಂದು ಪ್ಲಾಸ್ಟಿಕ್ ಸ್ಟಿಕ್ಕರ್ ರಂಗೋಲಿ ಬಂತು. ಕೆಂಪು, ಹಳದಿ, ಹಸಿರು, ನಡುವೆ ಎರಡು ನವಿಲು. ಮೇಲುಮಹಡಿಯಲ್ಲಿರುವ ಮಗ ಶ್ರೀರಾಮ್ ಆನ್‌ಲೈನಿನಲ್ಲಿ ತರಿಸಿದ್ದು. ಬಿಸಿಲಿಗೆ ಬಣ್ಣ ಹೋಗುವುದಿಲ್ಲ, ನೀರಿಗೆ ಏಳುವುದಿಲ್ಲ ಎಂದು ಅವನು ನನಗೂ ಲಿಂಕ್ ಕಳಿಸಿದ್ದ. ಹನುಮಕ್ಕ ಆರು ಮನೆ ಮುಗಿಸಿ ಹೋಗುವಾಗ ಆ ನವಿಲುಗಳಿಂದ ದೂರ ಸರಿದು, ಬೀದಿಯ ಈಚೆ ಅಂಚಿಗೆ ಬಂದು ನಡೆಯುತ್ತಿದ್ದರು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ನನ್ನ ಜರ್ನಲ್ ವರಾಂಡದ ಕಿಟಕಿಕಟ್ಟೆಯ ಮೇಲೆ ತೆರೆದು ಬಿದ್ದಿತ್ತು. ಹನುಮಕ್ಕ ಪೊರಕೆ ಹಿಡಿದೇ ಬಗ್ಗಿ ನೋಡಿದರು.

"ಯಾರೋ ಚುಕ್ಕಿ ಇಟ್ಟು ಎಳೆ ಎಳೀದೆ ಎದ್ದೋಗವ್ರೆ."

ಅಷ್ಟು ಸಿಕ್ಕಿದ್ದೇ ಸಾಕೆಂದು ನಾನು ಗುರುವಾದೆ. ಪರಿವಿಡಿ ತೋರಿಸಿದೆ, ಗುರುತುಗಳ ಪುಟ ತೋರಿಸಿದೆ, ನೀರು ಕುಡಿಯುವ ಪುಟ ತೋರಿಸಿದೆ. ಅವರು ತಾಳ್ಮೆಯಿಂದ ನೋಡಿ, "ಬರೀ ಗುಡಿಸೋದೇ ಆಯ್ತಲ್ಲ ಸಾರ್, ರಂಗೋಲಿ ಯಾವಾಗ?" ಎಂದರು. ಒಳಗೆ ತರಕಾರಿ ಹೆಚ್ಚುತ್ತಿದ್ದ ರಾಗಿಣಿ ನಕ್ಕದ್ದು ಹೊರಗೆ ಕೇಳಿಸಿತು.

ಚುಕ್ಕಿ ಮತ್ತು ಇಂಟು ಅವರಿಗೆ ಹಿಡಿಸಿತು. ಬಾಣ ಹಿಡಿಸಲಿಲ್ಲ.

"ನಾಳೀಕೆ ಸಾಗ್ಸೋದು ಅಂದ್ರೆ? ಇವತ್ತಿನ ರಂಗೋಲಿ ನಾಳೆ ಬಿಡಾಕಾಯ್ತದಾ ಸಾರ್?"

ಆಮೇಲೆ ಪೊರಕೆಯನ್ನು ಗೋಡೆಗೆ ಒರಗಿಸಿ, ಯಾರಿಗೂ ಹೇಳದ್ದನ್ನು ಹೇಳಿದರು. "ಯಾರ್ದು ಯಾವ ತಿಥಿ ಅಂತ ನಂಗೆ ಮರ್ತಿಲ್ಲ. ಇಪ್ಪತ್ತೆರಡು ವರ್ಸದ್ದು ಹಂಗೇ ಐತೆ. ಇವತ್ತು ಯಾವ ದಿನ ಅನ್ನೋದೇ ಒಂದೊಂದ್ಸಲ ಸಿಗಾಕಿಲ್ಲ. ಬಸ್ ಇಳೀತೀನಿ, ನಿನ್ನೇನೋ ಇವತ್ತೋ ಗೊತ್ತಾಗಾಕಿಲ್ಲ. ಇನ್ನೊಂದು ಮನೇಲೂ ಹಂಗೇ ಆಗೋದ್ರೆ?"

ಎರಡನೆಯ ಪುಸ್ತಕ ತಂದು ಅವರ ಕೈಗೆ ಕೊಟ್ಟೆ. ತಕ್ಷಣ ಶುರು ಮಾಡಲಿಲ್ಲ. "ಯುಗಾದಿ ಬರ್ಲಿ," ಎಂದರು. ವರ್ಷ ಶುರುವಾಗುವ ದಿನವೇ ಶುರು ಮಾಡಬೇಕು ಎಂಬುದರಲ್ಲಿ ಗಗನಾಗೂ ಅವರಿಗೂ ಒಮ್ಮತವಿತ್ತು, ವರ್ಷ ಯಾವಾಗ ಶುರು ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಯುಗಾದಿಯಿಂದಾಚೆಗೆ ಅವರ ಪುಸ್ತಕವೂ ನಮ್ಮ ಕಿಟಕಿಕಟ್ಟೆಯ ಮೇಲೆಯೇ ಇರುತ್ತಿತ್ತು. ಬೆಳಿಗ್ಗೆ ರಾಗಿಣಿ ಗೋಡೆಯ ಕ್ಯಾಲೆಂಡರ್ ನೋಡಿ, "ಇವತ್ತು ಪಂಚಮಿ ಹನುಮಕ್ಕ," ಎನ್ನುವಳು. ಅವರು ಪುಸ್ತಕವನ್ನು ಅಡ್ಡಲಾಗಿ ತಿರುಗಿಸಿ ಏನೋ ಗೀಚಿ, ಪುಡಿಯ ಡಬ್ಬ ಎತ್ತಿಕೊಂಡು ಹೊರಡುವರು. ನಾನು ಯಾವತ್ತೂ ತೆರೆದು ನೋಡಿರಲಿಲ್ಲ. ಪಾರ್ಕಿನ ಸಭೆಯ ದಿನ ಆತುರದಲ್ಲಿ ನನ್ನದೆಂದು ಎತ್ತಿಕೊಂಡು ಹೋದದ್ದು ಅದನ್ನೇ.

ಸಭೆಯಿಂದ ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದರೆ ಹನುಮಕ್ಕ ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ನನ್ನ ಜರ್ನಲ್.

"ಒಳಗೆ ಒಂದು ಎಳೇನೂ ಇರ್ಲಿಲ್ಲ. ಹಂಗಾಗಿ ನಿಮ್ದೇ ಅಂತ ಗೊತ್ತಾಯ್ತು," ಎಂದರು.

ನಾನು ಕ್ಷಮೆ ಕೇಳಿ, ಅವರದನ್ನು ಹೇಗೆ ಓದುವುದು ಹೇಳಿಕೊಡಿ ಎಂದೆ. ಅವರು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಪುಸ್ತಕದಲ್ಲಿ ಒಂದು ಅಕ್ಷರವೂ ಇರಲಿಲ್ಲ. ಒಂದು ಪುಟ ಒಂದು ಮಾಸ, ಪಾಡ್ಯದಿಂದ ಅಮಾವಾಸ್ಯೆವರೆಗೆ ಮೂವತ್ತು ಚುಕ್ಕಿ. ಒಂದು ಸಾಲು ಒಂದು ಮನೆ. ತೆಂಗಿನಮರದ ಮನೆ, ನಾಯಿಯ ಮನೆ, ಕನ್ನಡಕದ ಮಡಕೆಯ ಮನೆ. ಮಡಕೆಯ ವಿಷಯವನ್ನು ನಾನು ಎತ್ತಲಿಲ್ಲ. ರಂಗೋಲಿ ಬಿಟ್ಟ ದಿನ ಆ ದಿನದ ಚುಕ್ಕಿಯನ್ನು ಸುತ್ತಿಕೊಂಡು ಎಳೆ ಮುಂದೆ ಹೋಗುತ್ತದೆ. ಎಳೆ ಎಲ್ಲಿಗೆ ನಿಂತಿದೆಯೋ ಅದೇ ಇವತ್ತು. ಒಂದೇ ದಿನ ಎರಡು ತಿಥಿ ಬಂದರೆ ಎರಡು ಚುಕ್ಕಿಗೂ ಸೇರಿಸಿ ಒಂದೇ ಸುತ್ತು. ಯಾವ ಮನೆಯಲ್ಲಿ ಯಾವ ದಿನ ರಂಗೋಲಿ ಹಾಕಬಾರದೋ ಆ ಚುಕ್ಕಿಯ ತಲೆಯ ಮೇಲೆ ಮೊದಲೇ ಒಂದು ಪುಟ್ಟ ಕೊಡೆ. ಎಳೆ ಅದನ್ನು ಮುಟ್ಟದೆ ಬದಿಯಿಂದ ಹಾದುಹೋಗುತ್ತದೆ.

ಕೊಡೆಗಳನ್ನು ನೋಡುತ್ತಾ ಕೂತೆ. ನನ್ನ ಪುಸ್ತಕದಲ್ಲಿ ಇರುವುದೆಲ್ಲ ಮಾಡಬೇಕಾದದ್ದು. ಈ ಹೆಂಗಸು ಕೈ ತಡೆದು ನಿಲ್ಲಬೇಕಾದ ದಿನಗಳಿಗೆಂದು ಪುಸ್ತಕ ಇಟ್ಟಿದ್ದರು. ನಮ್ಮ ಬೀದಿಯಲ್ಲಿ ಇದ್ದು ಹೋದವರೆಲ್ಲ ಅಲ್ಲಿ ಒಂದೊಂದು ಕೊಡೆಯ ಕೆಳಗೆ ಕೂತಿದ್ದರು, ಮಳೆಗೆ ನಿಂತ ಹಾಗೆ.

"ನಮ್ಮಮ್ಮಂದು ಎಲ್ಲಿದೆ?" ಎಂದೆ.

"ಅಮ್ಮಾವ್ರದು ಕಾರ್ತೀಕ ಬಹುಳ ದಶಮಿ. ಆ ಪುಟ ಇನ್ನೂ ಬಂದಿಲ್ಲ. ನೆಪ್ಪಿಲ್ವಾ ಸಾರ್?"

ನವೆಂಬರ್ ಎಂಬುದಷ್ಟೇ ನನಗೆ ನೆನಪಿತ್ತು. ಆ ವಿಷಯವನ್ನೂ ಎತ್ತಲಿಲ್ಲ.

ಸಾಲು ಎಣಿಸಿದೆ. ಏಳಿದ್ದವು. ಅವರು ಹೋಗುವ ಮನೆ ಈಗ ಆರೇ. ಕೊನೆಯ ಸಾಲಿನ ಮುಂದೆ ತುಳಸಿಕಟ್ಟೆಯ ಚಿತ್ರವಿತ್ತು. ಅದು ಅನಂತಲಕ್ಷ್ಮಮ್ಮನ ಮನೆ. ಆ ಸಾಲಿನಲ್ಲಿ ಎಳೆ ಯಾವ ಚುಕ್ಕಿಯನ್ನೂ ಸುತ್ತಿರಲಿಲ್ಲ. ಚುಕ್ಕಿಗಳ ಕೆಳಗೆ ನೇರವಾಗಿ, ದಿನದಿಂದ ದಿನಕ್ಕೆ, ಗೇಟಿನ ಒಳಗೆ ಬಾರದೆ ಬೀದಿಯಲ್ಲೇ ನಡೆದುಹೋದ ಹಾಗೆ ಸಾಗಿತ್ತು. ಯುಗಾದಿಯಿಂದ ಒಂದು ದಿನವೂ ತಪ್ಪಿರಲಿಲ್ಲ. ಮುಂದೆ, ಜ್ಯೇಷ್ಠ ಶುದ್ಧ ದ್ವಾದಶಿಯ ಚುಕ್ಕಿಯ ಮೇಲೆ ಒಂದು ಕೊಡೆ.

"ಪುರುಷೋತ್ತಮಪ್ಪಾರ್ದು," ಎಂದರು ಹನುಮಕ್ಕ. ಅನಂತಲಕ್ಷ್ಮಮ್ಮನ ಯಜಮಾನರು. "ಇನ್ನು ಎಂಟು ದಿನ ಐತೆ. ಆ ನವಿಲು ಅಲ್ಲೇ ಅಂಟ್ಕಂಡೈತಲ್ಲ ಸಾರ್, ಅದನ್ನ ಅವತ್ತು ಹೆಂಗೆ ಒರೆಸ್ತಾರೆ? ಅದು ಅವ್ರಿಗೆ ರಂಗೋಲಿ ಅಂತ್ಲೇ ಅನ್ಸಾಕಿಲ್ಲ, ದಿನಾ ನೋಡಿ ನೋಡಿ. ಐನೋರು ಬಂದು ಇನ್ನೊಂದ್ಸಲ ಗೇಟ್ನಾಗೇ ನಿಂತ್ಕಂಬುಟ್ರೆ, ಆಯಮ್ಮ ತಡ್ಕಳಲ್ಲ."

"ನೀವೇ ಹೋಗಿ ಹೇಳಬಹುದಲ್ಲ?"

"ಬರಬ್ಯಾಡ ಅಂದ ಬಾಗ್ಲಿಗೆ ತಪ್ಪು ತೋರ್ಸಾಕೆ ಹೋಗ್ಲಾ? ನೀವು ಒಂದು ಮಾತು ಹೇಳಿ ಸಾರ್."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಒಳಗೆ ಹೋಗಿ ಜರ್ನಲ್ ತೆರೆದು, ನೀಲಿ ಪೆನ್ನಿನಿಂದ ಅಂದವಾಗಿ ಬರೆದೆ: "ಅನಂತಲಕ್ಷ್ಮಮ್ಮನಿಗೆ ಸ್ಟಿಕ್ಕರ್ ವಿಷಯ ಹೇಳಬೇಕು." ಮುಂದೆ ಒಂದು ಚುಕ್ಕಿ ಇಟ್ಟೆ.

ಸೋಮವಾರ ಅವರ ಮನೆಗೆ ನೆಂಟರು ಬಂದಿದ್ದರು. ಬಾಣ. ಮಂಗಳವಾರ ಇಂಥ ವಿಷಯ ಎತ್ತುವುದು ಬೇಡ ಅನ್ನಿಸಿತು. ಬಾಣ. ಬುಧವಾರ ಅವರೇ ಗೇಟಿನ ಬಳಿ ಸಿಕ್ಕರು. ಅರ್ಧ ಗಂಟೆ ಮಾವಿನಹಣ್ಣಿನ ಬೆಲೆಯ ಬಗ್ಗೆ ಮಾತಾಡಿ ಬಂದೆ. ಬಾಣ. ಯಾರದೋ ಮನೆಯ ಸಾವಿನ ದಿನವನ್ನು ಅವರಿಗೇ ನೆನಪಿಸಲು ನಾನು ಯಾರು ಎಂಬ ಸಂಕೋಚ ಒಂದು ಕಡೆ. ಬರೆದಿಟ್ಟಿದ್ದೇನಲ್ಲ, ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ ಇನ್ನೊಂದು ಕಡೆ. ನಿಜ ಹೇಳಬೇಕೆಂದರೆ ಆ ಧೈರ್ಯದ್ದೇ ಕೈ ಮೇಲಾಯಿತು. ಎಂಟು ದಿನಕ್ಕೆ ಎಂಟು ಬಾಣ, ಒಂದಕ್ಕಿಂತ ಒಂದು ನೆಟ್ಟಗೆ.

ದ್ವಾದಶಿಯ ಬೆಳಿಗ್ಗೆ ಆರು ಗಂಟೆಗೆ ಎದುರುಗಡೆಯಿಂದ ಕರಕರ ಕೆರೆಯುವ ಸದ್ದು ಬಂತು. ಹೊರಗೆ ಬಂದು ನೋಡಿದೆ. ಹನುಮಕ್ಕ ಆ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ದೋಸೆ ಮಗುಚುವ ಕೈ, ಪಕ್ಕದಲ್ಲಿ ಬಟ್ಟಲ ತುಂಬ ಕೊಬ್ಬರಿ ಎಣ್ಣೆ. ಗೇಟಿನ ಒಳಗೆ ಅನಂತಲಕ್ಷ್ಮಮ್ಮ ತಲೆಗೆ ನೀರು ಹಾಕಿಕೊಂಡು ಮಡಿಯುಟ್ಟು ನಿಂತಿದ್ದರು. ಅವರು ಸ್ಟಿಕ್ಕರ್ ಮುಟ್ಟುವ ಹಾಗಿಲ್ಲ. ಶ್ರೀರಾಮನೂ ಮಡಿಯಲ್ಲಿ ಒಳಗೆ ಕೂತಿದ್ದಾನೆ. ಎಂಟೂವರೆಗೆ ಪುರೋಹಿತರು ಬರುತ್ತಾರೆ.

"ನೀರಿಗೆ ಏಳಲ್ಲ ಅಂತ ಅವನು ಹೊಗಳಿದ್ದೇ ಹೊಗಳಿದ್ದು," ಎಂದರು ಅನಂತಲಕ್ಷ್ಮಮ್ಮ, ನನ್ನ ಕಡೆ ನೋಡದೆ. "ಐದು ಗಂಟೆಗೆ ಎದ್ದು ಗೇಟು ತೆಗೆದಾಗ ಕಣ್ಣಿಗೆ ಬಿತ್ತು ನೋಡಿ. ಇವರ ದಿನ, ಬಾಗಿಲಲ್ಲಿ ನವಿಲು ಕುಣೀತಾ ಇದೆ. ಏನು ಮಾಡಲಿ ಅಂತ ನಿಂತಿದ್ದೆ, ಇವಳು ಎಣ್ಣೆ ಹಿಡ್ಕೊಂಡು ಬಂದ್ಲು. ನಾನು ಕರೆಯಲೂ ಇಲ್ಲ."

ನಾನು ಪಂಚೆ ಎತ್ತಿ ಕಟ್ಟಿ ಹನುಮಕ್ಕನ ಪಕ್ಕ ಕೂತೆ. ಅವರು ತಲೆಯೆತ್ತಲಿಲ್ಲ.

"ಬಾಣ ಹಾಕಿದ್ರಾ ಸಾರ್?"

"ಹೂಂ," ಎಂದೆ.

"ಆ ಕಡೆ ಬಾಲ ಕೆರೀರಿ."

ಒಂದೂವರೆ ಗಂಟೆ ಕೆರೆದೆವು. ಅಷ್ಟರಲ್ಲಿ ಹನುಮಕ್ಕ ಒಂದೂಮುಕ್ಕಾಲು ನವಿಲು ತೆಗೆದರು, ನಾನು ಕಾಲು ನವಿಲು. ಕೊನೆಯ ಅಂಟು ಹೋಗುವವರೆಗೆ ಅವರು ಎಣ್ಣೆ ಹಾಕಿ, ಸೀಗೆಪುಡಿ ಉಜ್ಜಿ, ನೀರು ಸುರಿದು ತೊಳೆದರು. ಕಲ್ಲು ಬೋಳಾಗಿ, ಒದ್ದೆಯಾಗಿ, ಆ ದಿನಕ್ಕೆ ಹೇಗಿರಬೇಕೋ ಹಾಗಾಯಿತು. ಗಂಟೆ ಎಂಟು.

ಅನಂತಲಕ್ಷ್ಮಮ್ಮ ಅದನ್ನೇ ನೋಡುತ್ತಿದ್ದರು. "ನನಗೇ ಹೊಳೆಯಲಿಲ್ಲ. ನಿನಗೆ ಹೇಗೆ ನೆನಪಿತ್ತೇ?" ಎಂದರು.

ಹನುಮಕ್ಕ ನೀರು ಬಳಿಯುತ್ತಿದ್ದರು. ನಾನು ಮನೆಗೆ ಓಡಿ ಕಿಟಕಿಕಟ್ಟೆಯಿಂದ ಪುಸ್ತಕ ತಂದೆ. ಈ ಸಲ ತೆರೆದು ನೋಡಿ, ಸರಿಯಾದದ್ದನ್ನೇ ತಂದೆ. ಗೇಟಿನ ಮೇಲಿಂದ ಹಿಡಿದು ತೋರಿಸಿದೆ. ತುಳಸಿಕಟ್ಟೆಯ ಸಾಲು, ಚುಕ್ಕಿಗಳ ಕೆಳಗೆ ನಡೆದು ಬಂದ ಗೆರೆ, ದ್ವಾದಶಿಯ ಮೇಲಿನ ಕೊಡೆ. ಅನಂತಲಕ್ಷ್ಮಮ್ಮ ಕೈ ಹಿಂದೆ ಕಟ್ಟಿಕೊಂಡು, ಮುಟ್ಟದೆ, ಬಗ್ಗಿ ನೋಡಿದರು. ಚೈತ್ರದ ಪುಟ ತಿರುಗಿಸಿ ಎಂದರು, ತಿರುಗಿಸಿದೆ. ವೈಶಾಖ ಎಂದರು. ಮತ್ತೆ ಜ್ಯೇಷ್ಠ. ತುಟಿ ಅಲುಗುತ್ತಿತ್ತು, ಚುಕ್ಕಿ ಎಣಿಸುತ್ತಿದ್ದರು. ಯುಗಾದಿಯಿಂದ ಇವತ್ತಿಗೆ ಎಪ್ಪತ್ತೆರಡು.

ಒಳಗಿನಿಂದ ಶ್ರೀರಾಮ, "ಅಮ್ಮಾ, ಎಳ್ಳೆಲ್ಲಿ?" ಎಂದು ಕೂಗಿದ. ಅವರಿಗೆ ಕೇಳಿಸಲಿಲ್ಲ.

"ನಾಳೆ ಬೆಳಿಗ್ಗೆ ಬರ್ತೀಯಾ?" ಎಂದರು ಕೊನೆಗೆ.

"ನಾಳೆ ಬರ್ತೀನಿ. ಇವತ್ತು ಹಾಕಂಗಿಲ್ಲ," ಎಂದು ಹನುಮಕ್ಕ ಮಗುಚುವ ಕೈಯನ್ನು ಬಕೆಟ್ಟಿನಲ್ಲಿ ಅದ್ದಿದರು.

ಅನಂತಲಕ್ಷ್ಮಮ್ಮ ಒಳಗೆ ಹೋಗಲು ತಿರುಗಿದವರು ಮತ್ತೆ ನಿಂತರು. ಕಣ್ಣು ಒದ್ದೆಯಾಗಿತ್ತು, ಮಾತು ಮಾತ್ರ ಎಂದಿನ ಹಾಗೆ ಬಿಗಿ. "ಅಲ್ವೇ ಹನುಮಕ್ಕ, ಬರಬೇಡ ಅಂತ ಕಳಿಸಿದವಳು ನಾನು. ನಮ್ಮನೆ ಸಾಲು ಯಾಕೆ ಇಟ್ಕೊಂಡಿದ್ದೆ?"

ಹನುಮಕ್ಕ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು, ಬಕೆಟ್ ಎತ್ತಿದರು.

"ಪುಸ್ತಕ್ದಾಗೆ ಜಾಗ ಇತ್ತು ಕಣಮ್ಮ."